ಬೆಕ್ಕಿನ ರೌಂಡಬೌಟಿನ ಹೂವು

ದೋಹಾದಲ್ಲಿ ನನ್ನದು ಹೂವಿನ ಕೆಲಸ ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಗಲ್ಫ್ ಎಂದರೆ ಎಣ್ಣೆ ಬಾವಿ, ಇಲ್ಲವೇ ಅಂಗಡಿ, ಅದೂ ಇಲ್ಲದಿದ್ದರೆ ಡ್ರೈವರ್ ಕೆಲಸ ಎಂದು ಅವರ ಅಂದಾಜು. ಮರಳಿನಲ್ಲಿ ಹೂವು ಬೆಳೆಸಲು ಉಡುಪಿ ಹತ್ತಿರದ ಶಂಕರಪುರದ ಕಡೆಯಿಂದ ಯಾಕೆ ಒಬ್ಬನನ್ನು ಕರೆಸಬೇಕು, ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ನನ್ನ ಹೆಂಡತಿ ವಾರಿಜಳ ಸೋದರಮಾವ ಮದುವೆಗೆ ಮುಂಚೆ ಎರಡು ಕಡೆ ವಿಚಾರಿಸಿದ್ದರಂತೆ. ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ನಮ್ಮ ಮನೆಯಲ್ಲಿ ಮಲ್ಲಿಗೆ ಗಿಡಗಳಿದ್ದವು, ಗಿಡದ ಬುಡ ಬಿಡಿಸುವುದು ನನಗೆ ಗೊತ್ತಿತ್ತು, ದೋಹಾದ ಒಂದು ನರ್ಸರಿಯವರಿಗೆ ಅಂಥವನು ಬೇಕಿತ್ತು, ಅಷ್ಟೇ.

ಈಗ ನಮ್ಮ ಕಡೆಯ ಹುಡುಗರು ಡಿಪ್ಲೊಮಾ ಮಾಡಿಕೊಂಡೇ ಈ ಕೆಲಸಕ್ಕೆ ಬರುತ್ತಾರೆ. ಮಣ್ಣಿನ ತೇವ ಎಷ್ಟು, ಉಪ್ಪು ಎಷ್ಟು ಎಂದು ಅವರ ಮೊಬೈಲೇ ಹೇಳುತ್ತದೆ. ಒಳ್ಳೆಯದೇ ಆಯಿತು. ನಮ್ಮ ಕಾಲದಲ್ಲಿ ಬೆರಳನ್ನು ಮಣ್ಣಿಗೆ ತೂರಿಸಿ ನೋಡುವುದೇ ಮಾಪನ. ಆದರೆ ಹೊಸಬರಿಗೆ ಯಾವ ಕೋರ್ಸಿನಲ್ಲೂ ಹೇಳಿಕೊಡದ ಒಂದು ಮಾತಿದೆ. ಈ ಕೆಲಸದಲ್ಲಿ ಹೂವು ಎಲ್ಲರಿಗೂ ಕಾಣಬೇಕು, ನೀವು ಯಾರಿಗೂ ಕಾಣಬಾರದು. ಅತಿಥಿಗಳ ಕಾರು ಬರುವ ಮೊದಲು ಪೈಪು, ಗುದ್ದಲಿ, ಬುಟ್ಟಿಗಳ ಜೊತೆ ನಿಮ್ಮನ್ನೂ ಲಾರಿಗೆ ತುಂಬಿ ಸಾಗಿಸಿಬಿಡುತ್ತಾರೆ. ಇದನ್ನು ಮೊದಲೇ ತಿಳಿದುಕೊಂಡು ಬಂದರೆ ಆಮೇಲೆ ಮನಸ್ಸಿಗೆ ಅಷ್ಟು ನೋವಾಗುವುದಿಲ್ಲ.

ನನ್ನ ಮೊದಲ ಮೇಸ್ತ್ರಿ ಪೇಶಾವರದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಖಾನ್ ಚಾಚಾ ಎನ್ನುತ್ತಿದ್ದರು. ಸೇರಿದ ಮೊದಲ ವಾರ, ಒಂದು ಮಡಿಯಲ್ಲಿ ಗಿಡಗಳು ಸುಡುತ್ತಿದ್ದುದನ್ನು ನೋಡಿ ನಾನು ಜಾಣತನ ತೋರಿಸಲು ಹೋಗಿ, ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ, ಉಪ್ಪು ಜಾಸ್ತಿಯಾಗಿದೆ ಎಂದೆ. ಸಮುದ್ರದ ಹತ್ತಿರ ಬೆಳೆದವನಿಗೆ ಅದು ಸಹಜ. ಚಾಚಾ ತಲೆದೂಗಿದರು. ಸಂಜೆ ಚಹಾ ಕುಡಿಯುವಾಗ ಮಾತ್ರ, ಈ ಗಿಡಗಳಿಗೆ ಬಿಡುವ ನೀರು ಊರಿನ ಚರಂಡಿಯಿಂದ ಶುದ್ಧ ಮಾಡಿ ತಂದದ್ದು ಎಂದು ಎಲ್ಲರ ಮುಂದೆ ಹೇಳಿದರು. ಅಂದು ನಾನು ಚಹಾ ಕುಡಿಯಲಿಲ್ಲ. ಆದರೆ ಅವರೇ ಮುಂದೆ ನನಗೆ ಎಲ್ಲವನ್ನೂ ಕಲಿಸಿದರು. ಇಲ್ಲಿ ಗಿಡ ಬಾಯಾರಿ ಸಾಯುವುದು ಕಡಿಮೆ, ಉಪ್ಪಿನಿಂದ ಸಾಯುವುದೇ ಹೆಚ್ಚು ಎಂದು ಅವರು ಹೇಳಿದ್ದನ್ನು ನಾನು ಒಂದೇ ಒಂದು ಸಲ ಮರೆತೆ. ಆ ಕಥೆಯನ್ನೇ ಈಗ ಹೇಳಬೇಕಾಗಿದೆ.

ಅದು ಎರಡು ಸಾವಿರದ ಆರನೇ ಇಸವಿ. ಆ ವರ್ಷದ ಕೊನೆಗೆ ದೋಹಾದಲ್ಲಿ ಏಷ್ಯನ್ ಗೇಮ್ಸ್. ಈಗಿನ ಹುಡುಗರಿಗೆ ವಿಶ್ವಕಪ್ ಮಾತ್ರ ಗೊತ್ತು. ನಮ್ಮಂಥ ಹಳಬರಿಗೆ ಕತಾರ್ ಕತಾರ್ ಆದದ್ದು ಆ ವರ್ಷವೇ. ಇಡೀ ಏಷ್ಯಾ ಮನೆಗೆ ಬರುತ್ತದೆ ಎಂದು ಊರಿಗೆ ಊರೇ ಅಗೆದು ಹಾಕಿದ್ದರು. ಇವತ್ತು ಹೋದ ರಸ್ತೆಯಲ್ಲಿ ನಾಳೆ ಹೋಗುವಂತಿರಲಿಲ್ಲ. ನಮ್ಮ ಪಾಲಿಗೆ ಬಂದದ್ದು ಸಮುದ್ರದಂಚಿನ ಕಾರ್ನಿಶ್ ರಸ್ತೆಯ ಕಡೆಗೆ ಹೋಗುವ ದಾರಿಯ ಕೆಲವು ರೌಂಡಬೌಟುಗಳು. ಅವುಗಳಲ್ಲಿ ಒಂದು ದೊಡ್ಡದು ಪೂರ್ತಿ ನನ್ನ ಜವಾಬ್ದಾರಿ. ಹೊರಸುತ್ತು ಕಡುಕೆಂಪು ಪೆಟೂನಿಯಾ ಹೂವು, ಒಳಸುತ್ತು ಬಿಳಿ. ಈ ದೇಶದ ಬಾವುಟದ ಬಣ್ಣ.

ಇಡೀ ಏಷ್ಯಾ ಬರುವ ಹೊತ್ತಿಗೆ ನನ್ನ ಮನೆಯವರು ಹೊರಡಬೇಕಾಯಿತು. ನಾವಿದ್ದದ್ದು ಅಲ್ ಮುಂತಜಾದ ಒಂದು ಹಳೆಯ ಕಟ್ಟಡದಲ್ಲಿ. ಎರಡು ಕೋಣೆ, ಮೇಲೆ ತಾರಸಿ. ತಾರಸಿಯ ಮೇಲೆ ಎಣ್ಣೆ ಡಬ್ಬ ಕತ್ತರಿಸಿ ವಾರಿಜ ಒಂದು ಮಲ್ಲಿಗೆ ಗಿಡ ಸಾಕಿದ್ದಳು. ಆಟಗಳ ವರ್ಷ ಬಂದದ್ದೇ ಕಟ್ಟಡದ ಮಾಲೀಕರು ಎಲ್ಲರನ್ನೂ ಖಾಲಿ ಮಾಡಿಸಿದರು. ದುರಸ್ತಿ ಮಾಡಿ, ಬರುವ ಅತಿಥಿಗಳಿಗೆ ಒಟ್ಟಾಗಿ ಕೊಡುತ್ತಾರಂತೆ. ಬೇರೆ ಮನೆ ನೋಡಲು ಹೋದರೆ ಬಾಡಿಗೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ನಮ್ಮ ಪರಿಚಯದ ಎಷ್ಟೋ ಮಂದಿ ಆ ವರ್ಷ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ಬೇಸಿಗೆ ರಜೆಗೆ ಶಾಲೆ ಮುಚ್ಚಿದ ಮೇಲೆ ನಾನೂ ವಾರಿಜಳನ್ನೂ ಮಗಳು ಅಕ್ಷತಾಳನ್ನೂ ವಿಮಾನ ಹತ್ತಿಸಿದೆ.

ಆಟ ಮುಗಿದ ಮೇಲೆ ಕರೆಸಿಕೊಳ್ಳುತ್ತೇನೆ ಎಂದು ನಾನು ಹೇಳಿದ್ದು ಬರೀ ಸಮಾಧಾನಕ್ಕಲ್ಲ. ನಮ್ಮ ನರ್ಸರಿಯ ಮೂಲೆಯಲ್ಲಿ ಮೇಲ್ವಿಚಾರಕರಿಗೆಂದು ಎರಡು ಕೋಣೆಯ ಒಂದು ಸಣ್ಣ ಮನೆಯಿತ್ತು. ಅದರಲ್ಲಿದ್ದವರು ರಾಜೀನಾಮೆ ಕೊಟ್ಟು ಹೋಗಿದ್ದರು. ನಮ್ಮ ಮೇಲಧಿಕಾರಿ, ಸುಡಾನಿನ ಇಂಜಿನಿಯರ್ ಉಸ್ಮಾನ್ ಸಾಹೇಬರು, ನಿನ್ನ ರೌಂಡಬೌಟು ತಪಾಸಣೆಯಲ್ಲಿ ಪಾಸಾಗಲಿ, ಆ ಮನೆಗೆ ನಿನ್ನ ಹೆಸರನ್ನೇ ಹೇಳುತ್ತೇನೆ ಎಂದಿದ್ದರು. ಇದನ್ನೆಲ್ಲ ಏರ್‌ಪೋರ್ಟಿನಲ್ಲಿ ನಿಂತುಕೊಂಡೇ ವಾರಿಜಳಿಗೆ ವಿವರಿಸಿದೆ.

"ಅದೆಲ್ಲ ಇರ್ಲಿ. ಆಟ ಮುಗಿದ ಮೇಲೆ ಅಂದ್ರೆ ಯಾವಾಗ, ಅಷ್ಟು ಹೇಳಿ," ಎಂದಳು.

ಜನವರಿಗೆ ಎಂದೆ. ಅವಳು ತಲೆಯಾಡಿಸಿ, ನರ್ಸರಿಗೆ ಸಾಗಿಸಿದ ಮಲ್ಲಿಗೆ ಗಿಡಕ್ಕೆ ನೀರು ಬಿಡಲು ಮರೆಯಬೇಡಿ ಎಂದು ಹೇಳಿ ಮಗಳ ಕೈ ಹಿಡಿದುಕೊಂಡು ಒಳಗೆ ಹೋದಳು.

ನಾನು ಅಲ್ ಮನ್ಸೂರಾದಲ್ಲಿ ಒಂದು ಕೋಣೆಯಲ್ಲಿ ಜಾಗ ಹಿಡಿದೆ. ಜೊತೆಗಿದ್ದವರಲ್ಲಿ ಈರಣ್ಣ ಮುಖ್ಯ. ಬಾಗಲಕೋಟೆ ಕಡೆಯವನು, ನಮ್ಮಲ್ಲೇ ಪೈಪಿನ ಕೆಲಸ. ಗಿಡಕ್ಕೆ ಹನಿ ನೀರು ಬಿಡುವ ಸಣ್ಣ ಪೈಪುಗಳು ಎಲ್ಲಿ ಕಟ್ಟಿಕೊಂಡಿವೆ ಎಂದು ಹುಡುಕಿ ಬಿಡಿಸುವುದು. ಕೆಳಗಡೆ ಬೇಕಾದಷ್ಟು ಉಡುಪಿ ಹೋಟೆಲು, ಮಸಾಲೆ ದೋಸೆಗೆ ಕೊರತೆಯಿರಲಿಲ್ಲ. ಆದರೂ ಕೆಲಸ ಮುಗಿಸಿ ಬಂದು ಕೋಣೆಯ ಬಾಗಿಲು ತೆರೆದರೆ ಒಳಗಿನಿಂದ ಯಾರೂ ಏನೂ ಕೇಳುತ್ತಿರಲಿಲ್ಲ. ಬರುವಾಗ ಕೊತ್ತಂಬರಿ ಸೊಪ್ಪು ತಂದಿರಾ ಎಂದು ಕೇಳುವವರಿಲ್ಲದ ಮನೆ ಮನೆಯಲ್ಲ ಎಂದು ನನಗೆ ಗೊತ್ತಾದದ್ದು ಆವಾಗ. ಮೊದಲೆಲ್ಲ ಆ ಪ್ರಶ್ನೆ ಕೇಳಿ ಸಿಡುಕುತ್ತಿದ್ದೆ.

ಪ್ರತಿ ಶುಕ್ರವಾರ ಊರಿಗೆ ಫೋನು. ಅಕ್ಷತಾ ಇಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಅಲ್ಲಿ ತನ್ನ ಕನ್ನಡ ಕೇಳಿ ತರಗತಿಯವರೆಲ್ಲ ನಗುತ್ತಾರೆ ಎಂದು ದೂರುತ್ತಿದ್ದಳು. ವಾರಿಜ ದೂರುವವಳಲ್ಲ. ಹೂವು ಹೇಗುಂಟು ಎಂದು ಮಾತ್ರ ಕೇಳುತ್ತಿದ್ದಳು. ಆ ಪ್ರಶ್ನೆಗೆ ನವೆಂಬರ್ ತನಕ ನಾನು ಚೆನ್ನಾಗಿದೆ ಎಂದೇ ಹೇಳಿದೆ, ಯಾಕೆಂದರೆ ಚೆನ್ನಾಗಿಯೇ ಇತ್ತು. ಸೆಪ್ಟೆಂಬರಿನಲ್ಲಿ ನೆರಳು ಬಲೆಯ ಕೆಳಗೆ ಬೀಜ ಹಾಕಿ, ಸಸಿ ಮಾಡಿ, ಬಿಸಿಲು ಇಳಿದ ಮೇಲೆ ರೌಂಡಬೌಟಿಗೆ ತಂದು ನೆಟ್ಟಿದ್ದೆವು. ಮೊದಲ ಮೊಗ್ಗು ಬಂದದ್ದೇ ಎಲೆ ಹಳದಿ ತಿರುಗಲು ಶುರುವಾಯಿತು. ಪಕ್ಕದ ರೌಂಡಬೌಟುಗಳಲ್ಲಿ ಹೂವು ತುಂಬಿ ಚೆಲ್ಲುತ್ತಿದ್ದರೆ ನನ್ನದರಲ್ಲಿ ಗಿಡಗಳು ಜ್ವರ ಬಂದವರ ಹಾಗೆ ತಲೆ ಬಗ್ಗಿಸಿದ್ದವು. ಗೊಬ್ಬರ ಹಾಕಿದೆ, ಔಷಧ ಹೊಡೆಸಿದೆ, ಏನೂ ಪ್ರಯೋಜನವಾಗಲಿಲ್ಲ. ತಪಾಸಣೆಗೆ ಹೆಚ್ಚು ದಿನವಿರಲಿಲ್ಲ. ಆ ಹಳದಿ ಎಲೆಗಳನ್ನು ನೋಡಿದಾಗೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ನರ್ಸರಿ ಮೂಲೆಯ ಆ ಮನೆ.

ಆ ಶುಕ್ರವಾರ ಸುಳ್ಳು ಹೇಳಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ವಾರಿಜಳಿಗೆ ಹೇಳಿದೆ.

"ಅಲ್ಲ ಮಾರಾಯ್ರೆ, ಇಷ್ಟು ದಿನ ಎಂತ ಮಾಡ್ತಿದ್ರಿ? ನಮ್ಮ ಮಲ್ಲಿಗೆ ಸೊರಗಿದ್ರೆ ಅತ್ತೆ ಎಂತ ಹಾಕ್ತಾರೆ? ಬೂತಾಯಿಯ ತಲೆ, ಬಾಲ ಎಲ್ಲ ಬುಡದಲ್ಲಿ ಹೂಳುದಲ್ವಾ? ಅಲ್ಲಿ ಮೀನು ಸಿಗುದಿಲ್ವಾ?" ಎಂದಳು.

ನನಗೆ ಹೋದ ಜೀವ ಬಂದ ಹಾಗಾಯಿತು. ನಿಜ, ನಮ್ಮಲ್ಲಿ ಮೀನು ತೊಳೆದ ನೀರನ್ನು ಕೂಡ ಯಾರೂ ಚೆಲ್ಲುವುದಿಲ್ಲ, ಮಲ್ಲಿಗೆ ಬುಡಕ್ಕೇ ಹೊಯ್ಯುತ್ತಾರೆ. ಬೂತಾಯಿ ಬಿದ್ದ ಗಿಡ ಬೇಗನೆ ಮೈತುಂಬಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮರುದಿನವೇ ಪಿಕಪ್ ತೆಗೆದುಕೊಂಡು ಅಲ್ ವಕ್ರಾದ ಮೀನು ಬಂದರಿಗೆ ಹೋದೆ. ಅಲ್ಲಿ ದೋಣಿಗಳಲ್ಲಿ ಕೆಲಸ ಮಾಡುವ ಮಲಯಾಳಿಗಳು, ಯಾರೂ ಕೇಳದ ವಸ್ತುವನ್ನು ಕೇಳಿಕೊಂಡು ಬಂದ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತಲೆ, ಬಾಲ, ಕರುಳು ಎಲ್ಲ ಡ್ರಮ್ಮುಗಳಲ್ಲಿ ತುಂಬಿಸಿ ಕೊಟ್ಟರು. ಮಧ್ಯಾಹ್ನದಿಂದ ಸಂಜೆವರೆಗೆ ಒಂದೊಂದು ಗಿಡದ ಬುಡಕ್ಕೂ ಅದನ್ನು ಹೂಳಿದೆವು. ಎಲ್ಲರಿಗಿಂತ ಕಷ್ಟವಾದದ್ದು ಈರಣ್ಣನಿಗೆ.

"ನಮ್ಮ ಮನ್ಯಾಗ ಮೀನಿನ ಹೆಸರ ಎತ್ತಂಗಿಲ್ರೀ ಸಂಜೀವಣ್ಣ. ನೀವು ನೋಡಿದ್ರ ನನ್ನ ಕೈಲೆ ಹೂಳಾಕ ಹಚ್ಚೀರಿ," ಎಂದು ಮೂಗಿಗೆ ಟವೆಲ್ ಕಟ್ಟಿಕೊಂಡೇ ಕೆಲಸ ಮಾಡಿದ. ನಿಮ್ಮ ಮನಿಯವರು ಬರೋದಾದ್ರ ಮಾಡೋಣ ಬಿಡ್ರಿ ಎಂದೂ ಸೇರಿಸಿದ.

ನಮ್ಮ ಊರಿನಲ್ಲಿ ಮಲ್ಲಿಗೆ ಬುಡದಲ್ಲಿ ಮೀನು ಹೂಳಿ ಮೇಲೆ ಮುಳ್ಳು, ತೆಂಗಿನ ಸಿಪ್ಪೆ ಹೇರುತ್ತಾರೆ. ಅದು ಯಾಕೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಮರುದಿನ ಬೆಳಿಗ್ಗೆ ಲಾರಿಯಿಂದ ಇಳಿದಾಗ ಗೊತ್ತಾಯಿತು. ದೋಹಾದಲ್ಲಿ ಬೀದಿ ಬೆಕ್ಕುಗಳಿಗೆ ಲೆಕ್ಕವಿಲ್ಲ. ಮುಂತಜಾ, ಮನ್ಸೂರಾ, ಅಲ್ಲಿಂದಾಚೆ ಎಲ್ಲಿದ್ದವೋ ಏನೋ, ಎಲ್ಲ ಬೆಕ್ಕುಗಳೂ ನನ್ನ ರೌಂಡಬೌಟಿನಲ್ಲಿ ನೆರೆದಿದ್ದವು. ಕಡುಕೆಂಪೂ ಇಲ್ಲ, ಬಿಳಿಯೂ ಇಲ್ಲ. ಮಡಿಯನ್ನು ಉತ್ತು ಹಾಕಿದ್ದವು. ಸಸಿಗಳು ರಸ್ತೆಯ ಮೇಲೆ ಬಿದ್ದಿದ್ದವು. ತಿಂದು ಹೊಟ್ಟೆ ತುಂಬಿದ ಕೆಲವು ಬೆಕ್ಕುಗಳು ಕಲ್ಲಿನ ಅಂಚಿನ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಕುಳಿತಿದ್ದವು. ಸುತ್ತು ಹಾಕುವ ಕಾರುಗಳವರು ಗಾಜು ಏರಿಸಿಕೊಂಡು, ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಈರಣ್ಣ ನಗಲೂ ಆಗದೆ ಅಳಲೂ ಆಗದೆ ನನ್ನ ಮುಖ ನೋಡಿದ. ನಾನು ಅಲ್ಲೇ ಕುಳಿತುಬಿಟ್ಟೆ.

ಉಸ್ಮಾನ್ ಸಾಹೇಬರು ಬಂದರು. ಎತ್ತರದ ಆಳು, ಮಾತು ಕಡಿಮೆ. ಸಿಟ್ಟು ಬಂದರೆ ಖಲಾಸ್ ಎಂಬ ಒಂದೇ ಶಬ್ದ, ಅದು ಕೇಳಿದವನು ಮರುದಿನ ಬೇರೆ ಸೈಟಿನಲ್ಲಿರುತ್ತಿದ್ದ. ಅವರು ಮಡಿಯ ಸುತ್ತ ಒಂದು ಸುತ್ತು ನಡೆದರು. ಒಂದು ಬೂತಾಯಿ ತಲೆಯನ್ನು ಬೂಟಿನ ತುದಿಯಿಂದ ತಿರುಗಿಸಿ ನೋಡಿದರು. ಆಮೇಲೆ ನನ್ನ ಮುಂದೆ ನಿಂತು, ಇದು ಯಾರ ತಲೆಗೆ ಹೊಳೆದದ್ದು ಎಂದು ಹಿಂದಿಯಲ್ಲಿ ಕೇಳಿದರು.

"ಸಾರ್, ನನ್ನ ಹೆಂಡತಿ ಹೇಳಿದ್ದು," ಎಂದೆ. ಸುಳ್ಳು ಹೇಳಲು ಏನೂ ತೋಚಲಿಲ್ಲ.

"ಹೆಂಡತಿ ಎಲ್ಲಿ?"

"ಊರಲ್ಲಿ. ಹೂವು ಚೆನ್ನಾಗಿ ಬಂದ್ರೆ ನೀವು ಮನೆ ಕೊಡಿಸ್ತೇನೆ ಅಂದಿದ್ರಿ. ಹಾಗಾಗಿ ಅವಳೂ ಯೋಚನೆ ಮಾಡಿ ಹೇಳಿದ್ಳು."

ಅವರು ಇನ್ನೊಮ್ಮೆ ಮಡಿಯ ಕಡೆಗೆ ತಿರುಗಿ ನೋಡಿದರು. ಅವರ ಮನೆಯವರೂ ಖಾರ್ಟೂಮಿನಲ್ಲಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಕೊನೆಗೆ ಅವರು ಹೇಳಿದ್ದು ಯಲ್ಲಾ ಎಂದಷ್ಟೇ, ಎಂದರೆ ಏಳು, ಕೆಲಸ ಶುರುಮಾಡು. ಎಲ್ಲ ಮೀನನ್ನೂ ಅಗೆದು ತೆಗೆಸಿದರು. ವಾಸನೆ ಹೋಗಬೇಕೆಂದು ಟ್ಯಾಂಕರಿನ ಮೇಲೆ ಟ್ಯಾಂಕರು ತರಿಸಿ ಮಡಿ ಮುಳುಗುವಷ್ಟು ನೀರು ಬಿಡಿಸಿದರು. ವಾಸನೆ ಹಠ ಹಿಡಿದು ಕುಳಿತಿತ್ತು, ಹಾಗಾಗಿ ಮತ್ತೆ ನೀರು, ಮತ್ತೆ ನೀರು. ನರ್ಸರಿಯಲ್ಲಿ ಮಿಕ್ಕಿದ್ದ ಸಸಿಗಳನ್ನೆಲ್ಲ ತಂದು ಹೊಸದಾಗಿ ನೆಟ್ಟೆವು.

ಆ ಸಸಿಗಳು ಎದ್ದು ನಿಂತವು. ಒಂದು ಎಲೆಯೂ ಹಳದಿಯಾಗಲಿಲ್ಲ. ಕಾರಣ ಮೀನಲ್ಲ, ನೀರು. ಮೇಲೆ ಹೊಸ ಮಣ್ಣು ಹರಡಿದ್ದೆವೇ ಹೊರತು ಅಡಿಯಲ್ಲಿ ಹಳೆಯ ಉಪ್ಪು ಹಾಗೇ ಇತ್ತು. ಹನಿ ನೀರು ಅದನ್ನು ಕದಲಿಸುವಷ್ಟು ಇರಲಿಲ್ಲ. ವಾಸನೆ ತೊಳೆಯಲು ಬಿಟ್ಟ ನೀರು ಉಪ್ಪನ್ನು ತೊಳೆದುಕೊಂಡು ಹೋಯಿತು. ಖಾನ್ ಚಾಚಾ ಕಲಿಸಿದ ಮೊದಲ ಪಾಠ ನನಗೆ ನೆನಪಾಗಲು ಊರಿನ ಬೆಕ್ಕುಗಳೆಲ್ಲ ಬರಬೇಕಾಯಿತು. ತಪಾಸಣೆಯವರು ಬಂದು ನೋಡಿ ತೃಪ್ತರಾಗಿ ಹೋದ ದಿನ ಉಸ್ಮಾನ್ ಸಾಹೇಬರು, ನಿನ್ನ ಹೆಂಡತಿಗೆ ಸಲಾಂ ಹೇಳು, ಆದರೆ ಇನ್ನು ಮುಂದೆ ಅವಳನ್ನು ಏನೂ ಕೇಳಬೇಡ ಎಂದರು. ನಮ್ಮ ಹುಡುಗರೆಲ್ಲ ಆ ಜಾಗಕ್ಕೆ ಬೆಕ್ಕಿನ ರೌಂಡಬೌಟು ಎಂದೇ ಹೆಸರಿಟ್ಟರು.

ಉದ್ಘಾಟನೆಯ ದಿನ ಆ ದಾರಿಯನ್ನು ಟಿವಿಯಲ್ಲಿ ತೋರಿಸುತ್ತಾರೆ ಎಂಬ ಸುದ್ದಿ ಬಂತು. ನಾನು ವಾರಿಜಳಿಗೆ ಫೋನ್ ಮಾಡಿ, ಇಂಥ ಹೊತ್ತಿಗೆ ಹಾಕು, ಸಮುದ್ರ ಬಲಕ್ಕೆ ಕಾಣುತ್ತದೆ, ಆಮೇಲೆ ದೊಡ್ಡ ಸುತ್ತು, ಹೊರಗೆ ಕೆಂಪು, ಒಳಗೆ ಬಿಳಿ, ಅದು ನಮ್ಮದು ಎಂದು ಮತ್ತೆ ಮತ್ತೆ ಹೇಳಿದೆ. ನಮ್ಮದು ಎಂದೇ ಹೇಳಿದೆ. ಅವಳು ಪಕ್ಕದ ಮನೆಯವರನ್ನೂ ಕರೆಯುತ್ತೇನೆ ಎಂದಳು. ಆ ದಿನ ಬೆಳಿಗ್ಗೆ ನಾವು ಬಾಡಿದ ಹೂವುಗಳನ್ನೆಲ್ಲ ಒಂದೊಂದಾಗಿ ಚಿವುಟಿ ತೆಗೆದು, ಅಂಚಿನ ಕಲ್ಲುಗಳನ್ನು ಬಟ್ಟೆಯಿಂದ ಒರೆಸಿದೆವು. ಮಧ್ಯಾಹ್ನದ ಮೊದಲು ಸೀಟಿ ಊದಿ, ಎಲ್ಲರನ್ನೂ ಲಾರಿಗೆ ಹತ್ತಿಸಿದರು. ದೂರದ ಒಂದು ಗೋದಾಮಿನ ಗೋಡೆಯ ಹಿಂದೆ ಲಾರಿ ನಿಂತಿತು. ಅಲ್ಲಿಂದ ರಸ್ತೆಯೂ ಕಾಣುತ್ತಿರಲಿಲ್ಲ, ಹೂವೂ ಕಾಣುತ್ತಿರಲಿಲ್ಲ. ಸಂಜೆ ಮಳೆ ಬಂತು. ದೋಹಾದಲ್ಲಿ ಮಳೆ! ಉದ್ಘಾಟನೆಗೆ ಹೋದವರೆಲ್ಲ ತೊಯ್ದು ತೊಪ್ಪೆಯಾದರು. ನಾವು ತಾಡಪಾಲಿನ ಕೆಳಗೆ ಒತ್ತಿಕೊಂಡು ಕುಳಿತು, ಪೆಟೂನಿಯಾದ ಎಸಳು ಈ ಏಟು ತಾಳುತ್ತದೋ ಇಲ್ಲವೋ ಎಂದು ಮಾತಾಡಿಕೊಂಡೆವು. ಈರಣ್ಣ ಯಾವುದೋ ತತ್ವಪದ ಗುನುಗುತ್ತಿದ್ದ. ಅಂದು ನನಗೆ ಊರು ನೆನಪಾದಷ್ಟು ಬೇರೆ ಯಾವತ್ತೂ ನೆನಪಾಗಿಲ್ಲ.

ಮರುದಿನ ಫೋನ್ ಮಾಡಿ, ಕಂಡಿತಾ ಎಂದು ಕೇಳಿದೆ.

"ಹೂವು ಕಂಡಿತು," ಎಂದಳು ವಾರಿಜ. ಅಷ್ಟೇ ಹೇಳಿ ಫೋನನ್ನು ಮಗಳಿಗೆ ಕೊಟ್ಟಳು. ಇಷ್ಟೆಲ್ಲ ಒದ್ದಾಡಿ ಬೆಳೆಸಿದ್ದಕ್ಕೆ ಚಂದ ಉಂಟು ಎಂಬ ಒಂದು ಮಾತಾದರೂ ಬರಬಹುದು ಎಂದು ಕಾದಿದ್ದ ನನಗೆ ಬೇಸರವಾಯಿತು. ಕೇಳಲು ಹೋಗಲಿಲ್ಲ.

ಜನವರಿ ಬಂತು. ಉಸ್ಮಾನ್ ಸಾಹೇಬರು ಮಾತಿಗೆ ತಪ್ಪಲಿಲ್ಲ, ನನ್ನ ಹೆಸರನ್ನೇ ಹೇಳಿದರು. ಆದರೆ ಅಷ್ಟರಲ್ಲಿ ನರ್ಸರಿಯ ಜಾಗವೇ ಹೊಸ ರಸ್ತೆಗೆ ಹೋಯಿತು. ಆ ಸಣ್ಣ ಮನೆಯನ್ನು ಬುಲ್ಡೋಜರು ಕೆಡವುವಾಗ ನಾನು ಸಸಿಗಳ ಟ್ರೇಗಳನ್ನು ಸಾಗಿಸುತ್ತಿದ್ದೆ. ನಿಂತು ನೋಡಲಿಲ್ಲ. ಆಟ ಮುಗಿದರೂ ಬಾಡಿಗೆ ಇಳಿಯಲಿಲ್ಲ, ಇನ್ನಷ್ಟು ಏರಿತು. ಮುಂದಿನ ವರ್ಷ ನೋಡುವ ಎಂದು ವಾರಿಜಳಿಗೆ ಹೇಳಿದೆ. ಆ ಮಾತನ್ನು ಮುಂದೆ ಎಷ್ಟು ವರ್ಷ ಹೇಳಿದೆನೋ. ಅಷ್ಟರಲ್ಲಿ ಅಕ್ಷತಾಳ ಕನ್ನಡ ಸರಿಯಾಯಿತು, ಹೈಸ್ಕೂಲು ಬಂತು, ಅವಳನ್ನು ಮತ್ತೆ ಕದಲಿಸುವುದು ಬೇಡ ಎನ್ನಿಸಿತು. ನಮ್ಮ ಸಂಸಾರ ರಜೆಯ ಸಂಸಾರವಾಯಿತು. ವಾರಿಜಳ ಮಲ್ಲಿಗೆ ಗಿಡ ಮಾತ್ರ ನನ್ನ ಜೊತೆ ಹೊಸ ನರ್ಸರಿಗೂ ಬಂತು. ಮಾರ್ಚಿನಲ್ಲಿ ಹೂವು ಬಿಟ್ಟರೆ ಒಂದು ಹಿಡಿಯಷ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೋಣೆಗೆ ತರುತ್ತಿದ್ದೆ. ಮುಡಿಯುವವರು ಇರಲಿಲ್ಲ. ಊರು ಭಾಳ ನೆನಪಾಕ್ಕೈತಿ, ಹೊರಗಿಡ್ರಿ ಎಂದು ಈರಣ್ಣ ಹೇಳುತ್ತಿದ್ದ. ನಾನು ಇಡುತ್ತಿರಲಿಲ್ಲ.

ನಿವೃತ್ತಿಯಾಗಿ ಊರು ಸೇರಿದೆ. ಈಗ ಅಕ್ಷತಾ ಗಂಡನ ಜೊತೆ ಅಲ್ ವಕ್ರಾದಲ್ಲಿದ್ದಾಳೆ, ಶಾಲೆಯೊಂದರಲ್ಲಿ ಟೀಚರ್. ಈ ಚಳಿಗಾಲದಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡಳು. ಅಂದು ಏರ್‌ಪೋರ್ಟಿನ ಒಳಗೆ ಹೋದ ವಾರಿಜ ಮತ್ತೆ ಕತಾರ್ ನೋಡಿದ್ದು ಈಗಲೇ. ಬಂದ ಮೂರನೇ ದಿನವೇ, ಆ ಬೆಕ್ಕಿನ ಜಾಗ ತೋರಿಸಿ ಎಂದಳು. ಮೆಟ್ರೋದಲ್ಲಿ ಹೋಗಿ, ಸ್ವಲ್ಪ ನಡೆದೆವು. ರೌಂಡಬೌಟು ಎಲ್ಲಿದೆ? ಅದನ್ನು ತೆಗೆದು ಸಿಗ್ನಲ್ ಮಾಡಿ ಎಷ್ಟೋ ವರ್ಷವಾಗಿದೆ. ನಾಲ್ಕೂ ಕಡೆಯಿಂದ ಕಾರು, ನಡುವೆ ಬರೀ ಡಾಂಬರು. ಫುಟ್‌ಪಾತಿನ ಪಕ್ಕ ಮಾತ್ರ ಯಾರೋ ಒಂದು ಪಟ್ಟಿ ಪೆಟೂನಿಯಾ ನೆಟ್ಟಿದ್ದರು. ನನಗೆ ಅವಳ ಮುಖ ನೋಡಲು ಸಂಕೋಚವಾಯಿತು. ಹೂವೂ ಉಳಿಯಲಿಲ್ಲ, ಜಾಗವೂ ಉಳಿಯಲಿಲ್ಲ, ಅಷ್ಟು ದೂರದಿಂದ ಬಂದವಳಿಗೆ ತೋರಿಸಲು ಏನೂ ಇಲ್ಲ ಎಂದೆ. ಆವತ್ತು ಟಿವಿಯಲ್ಲಿ ನೀನು ನೋಡಿದ್ದೇ ಕೊನೆ, ಅದು ಕೂಡ ನಿನಗೆ ಅಷ್ಟೇನೂ ಹಿಡಿಸಿದ ಹಾಗೆ ಕಾಣಲಿಲ್ಲ ಎಂದು, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೂ ಹೇಳಿಬಿಟ್ಟೆ.

"ಹೂವು ನೋಡ್ಲಿಕ್ಕೆ ಯಾರು ಕೂತಿದ್ರು?" ಎಂದಳು. "ಹೂವಿನ ಹತ್ರ ನೀವು ನಿಂತಿರ್ತೀರಿ ಅಂತ ಗ್ರಹಿಸಿದ್ದೆ. ಅಕ್ಷತಾಳನ್ನೂ ಟಿವಿಯ ಎದುರೇ ಕೂರಿಸಿದ್ದೆ, ಪಪ್ಪ ಬರ್ತಾರೆ ನೋಡು ಅಂತ. ಹೂವು ಬಂತು, ಹೋಯ್ತು. ನೀವು ಇರ್ಲೇ ಇಲ್ಲ."

ಗೋದಾಮಿನ ಗೋಡೆಯ ಹಿಂದೆ ನಿಂತಿದ್ದ ಲಾರಿಯ ವಿಷಯ ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಅಲ್ಲೇ ಸಿಗ್ನಲಿನ ಪಕ್ಕ ನಿಂತುಕೊಂಡು ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಮಗಳು ಕೊಡಿಸಿದ ಮೊಬೈಲನ್ನು ಚೀಲದಿಂದ ತೆಗೆದು, ಪೆಟೂನಿಯಾ ಪಟ್ಟಿಯ ಕಡೆಗೆ ಕೈ ತೋರಿಸಿದಳು.

"ಹೋಗಿ, ಅಲ್ಲಿ ನಿಂತ್ಕೊಳ್ಳಿ," ಎಂದಳು.

ಯಾರೋ ನೆಟ್ಟ ಹೂವಿನ ಪಕ್ಕ ಹೋಗಿ ನಿಂತೆ. ಅಭ್ಯಾಸಬಲದಿಂದ ಬಾಡಿದ ಒಂದು ಹೂವನ್ನು ಚಿವುಟಿ ಜೇಬಿಗೆ ಹಾಕಿಕೊಂಡೆ. ವಾರಿಜ ಫೋಟೋ ತೆಗೆಯಲಿಲ್ಲ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಿಗ್ನಲ್ ಕೆಂಪಾಗಿ, ಹಸಿರಾಗಿ, ಮತ್ತೆ ಕೆಂಪಾಗುವವರೆಗೂ ಪರದೆಯಲ್ಲಿ ನನ್ನನ್ನು ನೋಡುತ್ತ ನಿಂತಿದ್ದಳು.